ಪಾಳು ನಿವೇಶನವೂ ಒಂದು ಡಾಲರ್ ಬಾಡಿಗೆಯೂ



ಬೀದಿಯ ನಡುವೆ ಪಾಳುಬಿದ್ದ ನಿವೇಶನವನ್ನು ಹಸನು ಮಾಡಿ ಗಿಡ ನೆಡುವುದು ಹೊಟ್ಟೆ ತುಂಬಿದವರ ಹವ್ಯಾಸವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವನಮಹೋತ್ಸವದ ಹೆಸರಿನಲ್ಲಿ ವರ್ಷ ವರ್ಷವೂ ಅದೇ ಗುಂಡಿಗೆ ಸಸಿ ಇಟ್ಟು ಹಾರ ಹಾಕಿಸಿಕೊಳ್ಳುವ ಮಹನೀಯರನ್ನು ನೋಡಿದರೆ ಹಾಗೆ ತಿಳಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಇಂದು ಹೇಳಹೊರಟಿರುವುದು ನ್ಯೂಯಾರ್ಕ್ ನಗರದ ಬಡಕೇರಿಗಳ ಸಂಗತಿ. ಅದು ಗಿಡದ ಕಥೆ ಎಷ್ಟೋ, ನೆಲದ ಒಡೆತನದ ಕಥೆಯೂ ಅಷ್ಟೇ.

1970ರ ದಶಕದಲ್ಲಿ ಆ ನಗರದ ಬೊಕ್ಕಸ ಬರಿದಾಗಿತ್ತು. 1975ರಲ್ಲಂತೂ ಅದು ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಲಾಭವಿಲ್ಲವೆಂದು ಮಾಲೀಕರು ಬಡವರ ವಠಾರಗಳನ್ನು ಕೈಬಿಟ್ಟರು. ವಿಮೆಯ ಹಣಕ್ಕಾಗಿ ತಮ್ಮ ಕಟ್ಟಡಕ್ಕೆ ತಾವೇ ಬೆಂಕಿ ಇಡಿಸಿದವರೂ ಇದ್ದರು. ತೆರಿಗೆ ಬಾಕಿಗಾಗಿ ಸಾವಿರಾರು ನಿವೇಶನಗಳು ನಗರಾಡಳಿತದ ವಶವಾದವು. ಆಡಳಿತವು ಬೇಲಿ ಹಾಕಿಸಿ ಸುಮ್ಮನಾಯಿತು. ಒಳಗೆ ಇಟ್ಟಿಗೆ ಚೂರು, ಹರಕು ಹಾಸಿಗೆ, ಇಲಿಗಳ ಸಂಸಾರ. ಉಳ್ಳವರ ಬಡಾವಣೆಯಲ್ಲಾಗಿದ್ದರೆ ಹೀಗೆ ಬಿಡುತ್ತಿದ್ದರೇ?

1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆಯೂ ಆಕೆಯ ನೆರೆಹೊರೆಯವರೂ ಸೇರಿ ‘ಗ್ರೀನ್ ಗೆರಿಲ್ಲಾಸ್’ ಎಂಬ ಗುಂಪು ಕಟ್ಟಿದರು. ಬೀಜ, ಗೊಬ್ಬರ ತುಂಬಿದ ಪೊಟ್ಟಣಗಳನ್ನು ಬೇಲಿಯಾಚೆ ಎಸೆಯುವುದು ಇವರ ಮೊದಲ ಕೆಲಸ. ಗೆರಿಲ್ಲಾ ಯುದ್ಧವೇ ಸರಿ. ಮದ್ದುಗುಂಡು ಮಾತ್ರ ಸೂರ್ಯಕಾಂತಿ ಬೀಜ! ಬಳಿಕ ಬವರಿ ಮತ್ತು ಹೌಸ್ಟನ್ ಬೀದಿಗಳು ಕೂಡುವ ಮೂಲೆಯ ನಿವೇಶನಕ್ಕೆ ಕೈಹಾಕಿ, ಕಸ ಹೊತ್ತು, ಮಣ್ಣು ತಂದು, 60 ಮಡಿ ಮಾಡಿದರು. 1974ರಲ್ಲಿ ನಗರಾಡಳಿತ ಆ ಜಾಗವನ್ನು ಅವರಿಗೇ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು.

ಮಣ್ಣನ್ನು ಹೊರಗಿನಿಂದ ತಂದುದೇಕೆ ಎಂದು ನೀವು ಕೇಳಬಹುದು. ಹಳೆಯ ಕಟ್ಟಡಗಳ ಬಣ್ಣದಲ್ಲಿಯೂ ಅಂದಿನ ಪೆಟ್ರೋಲ್ ಹೊಗೆಯಲ್ಲಿಯೂ ಸೀಸವಿತ್ತು. ಅದು ಮಣ್ಣಿಗಿಳಿದರೆ ತಾನಾಗಿ ಹೋಗುವುದಿಲ್ಲ. ಮಕ್ಕಳ ಮಿದುಳಿಗೆ ವಿಷ. ಆದ್ದರಿಂದ ನೆಲದ ಮೇಲೆ ಹಲಗೆಯ ಚೌಕಟ್ಟು ನಿಲ್ಲಿಸಿ, ಒಳ್ಳೆಯ ಮಣ್ಣು, ಕೊಳೆತ ಗೊಬ್ಬರ ತುಂಬಿ ಬೆಳೆಯಬೇಕು. ಮೋಟಾರು ಶೆಡ್ಡಿನ ಪಕ್ಕ, ಕಾರ್ಖಾನೆಯ ಹಿತ್ತಿಲಲ್ಲಿ ತೋಟ ಮಾಡುವವರು ಇದನ್ನು ಮರೆಯಬಾರದು. ಅಂಥ ನೆಲದಲ್ಲಿ ಸೊಪ್ಪು, ಗೆಡ್ಡೆ ಬೇಡ. ನೆರಳಿನ ಮರ, ಹೂವು ಸಾಕು.

ತೋಟಗಳು ಹಬ್ಬಿದವು. ಪೋರ್ಟೊರಿಕೊ ದ್ವೀಪದಿಂದ ಕೂಲಿಗೆ ಬಂದವರು ತಮ್ಮ ಊರಿನ ರೀತಿಯ ಮರದ ಗುಡಿಸಲನ್ನು ತೋಟದ ನಡುವೆ ಕಟ್ಟಿಕೊಂಡು ಸಂಜೆ ಸೇರತೊಡಗಿದರು. ಹಸಿರು ಬಂದಂತೆ ಬೀದಿಗೆ ಜನ ಬಂದರು, ಅಂಗಡಿಗಳಿಗೆ ವ್ಯಾಪಾರ ಬಂತು. ಹಿಂದೆಯೇ ಬಂಡವಾಳವೂ ಬಂತು, ನೆಲದ ಬೆಲೆ ಏರಿತು. ಆಗ ಸರ್ಕಾರಕ್ಕೆ ಆ ನೆಲ ತನ್ನದೆಂಬುದು ನೆನಪಾಯಿತು! 1986ರ ಜನವರಿಯಲ್ಲಿ ಎಲ್ಡ್ರಿಜ್ ಬೀದಿಯ ‘ಗಾರ್ಡನ್ ಆಫ್ ಈಡನ್’ ತೋಟವನ್ನು ಬುಲ್ಡೋಜರ್ ನುಗ್ಗಿಸಿ ನೆಲಸಮ ಮಾಡಿದರು. ಅದನ್ನು ಬೆಳೆಸಿದ್ದ ಆಡಂ ಪರ್ಪಲ್ ಸೆಂಟ್ರಲ್ ಪಾರ್ಕಿನಿಂದ ಕುದುರೆ ಲದ್ದಿಯನ್ನು ಸೈಕಲ್ ಮೇಲೆ ಹೇರಿ ತಂದು ಆ ಮಣ್ಣಿಗೆ ಹಾಕಿದ್ದವನು. ಅಲ್ಲಿ ಎದ್ದದ್ದು ಬಡವರ ವಸತಿ ಎಂಬುದನ್ನೂ ಹೇಳಬೇಕು. ಮನೆಯೂ ಬೇಕು, ತೋಟವೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬ ಪ್ರಶ್ನೆ ಬಡವರ ಕೇರಿಗೆ ಮಾತ್ರ ಬರುವುದೇಕೆ ಎಂದು ನಾವು ಕೇಳುತ್ತೇವೆ.

1999ರಲ್ಲಿ ಮೇಯರ್ ಜೂಲಿಯಾನಿಯವರು 114 ತೋಟಗಳನ್ನು ಹರಾಜಿಗಿಟ್ಟರು. ಇದು ಮಾರುಕಟ್ಟೆಯ ಯುಗ, ಕಮ್ಯೂನಿಸಂ ಕಾಲ ಮುಗಿಯಿತು ಎಂಬರ್ಥದ ಉಪದೇಶವನ್ನೂ ಕೊಟ್ಟರು. ಟೊಮ್ಯಾಟೊ ಬೆಳೆದದ್ದು ಕಮ್ಯೂನಿಸಂ ಆಯಿತು ನೋಡಿ! ಜನ ಬೀದಿಗಿಳಿದರು, ಹಲವರು ಬಂಧಿತರಾದರು, ನ್ಯಾಯಾಲಯದಲ್ಲಿ ದಾವೆಗಳಾದವು. ಹರಾಜಿಗೆ ಒಂದು ದಿನವಿರುವಾಗ ಎರಡು ಸಂಸ್ಥೆಗಳು, ಒಂದು ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ್ದು, ಒಟ್ಟು ಸುಮಾರು 42 ಲಕ್ಷ ಡಾಲರ್ ತೆತ್ತು ಅವನ್ನು ಕೊಂಡು ಉಳಿಸಿದವು. ದಾನಿಗಳಿಗೆ ನಮಸ್ಕಾರ. ಆದರೆ ಜನರೇ ಬೆವರು ಸುರಿಸಿ ಬೆಲೆ ತಂದ ನೆಲವನ್ನು ಜನರಿಗಾಗಿ ಮತ್ತೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. 2002ರಲ್ಲಿ ಹೊಸ ಮೇಯರ್ ಕಾಲದಲ್ಲಿ ಆದ ಒಪ್ಪಂದದಿಂದ ಇನ್ನೂ ನೂರಾರು ತೋಟಗಳು ಉಳಿದವು.

ನಮ್ಮ ನಾಡಿನಲ್ಲೂ ಇಂಥ ಜಗಳ ನಡೆದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೈಕೋರ್ಟಿಗೆ ಹೋಗಿ ಗೆದ್ದರು; 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪಿತ್ತಿತು. ಊರಿನ ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಪಟ್ಟಿ ಮಾಡಬೇಕೆಂದು 1985ರ ಕರ್ನಾಟಕದ ಕಾಯಿದೆಯೇ ಹೇಳುತ್ತದೆ. ಗುದ್ದಲಿ ಹಿಡಿಯುವ ಮುನ್ನ ನಾಲ್ಕು ಜನ ಕೂಡಿ ನಗರಸಭೆಗೆ ಹೋಗಿ, ನಿಮ್ಮ ವಾರ್ಡಿನ ಪಟ್ಟಿ ತೋರಿಸಿರೆಂದು ಲಿಖಿತವಾಗಿ ಕೇಳಿ, ರಸೀದಿ ಪಡೆಯಿರಿ. ಕಸ ಬಿದ್ದಿರುವ ನಿವೇಶನ ಅದರಲ್ಲಿದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ಬರೆದುಕೊಂಡು ಬನ್ನಿ. ಯಾವ ಗಿಡವೆಂಬುದನ್ನು ಆಮೇಲೆ ಕೂತು ಮಾತಾಡೋಣ.