ಬಿದ್ದ ಸೇತುವೆಯ ಮಾತು

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕಳಚಿ ಬಿತ್ತು. ಸುಮಾರು ನಲವತ್ತು ವರ್ಷ ಗೋವೆಯ ದಾರಿಯನ್ನು ಹೊತ್ತಿದ್ದ ಸೇತುವೆ ಅದು. ಲಾರಿಯೊಂದು ನೀರಿಗೆ ಉರುಳಿತು, ಚಾಲಕರನ್ನು ಬದುಕಿಸಿದರು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಅದನ್ನು ಪರೀಕ್ಷಿಸಿ ಎರಡೂ ದಿಕ್ಕಿನ ವಾಹನಗಳನ್ನು ಅದರ ಮೇಲೆಯೇ ಬಿಟ್ಟರು. ಕಾರವಾರಕ್ಕೂ ಗೋವೆಗೂ ನಂಟು ಕಡಿಯಲಿಲ್ಲ.

ರಸ್ತೆ, ರೈಲು, ಸೇತುವೆಗಳ ಎಂಜಿನಿಯರುಗಳು ಸಮ್ಮೇಳನ ಸೇರಿ ದಿನಗಟ್ಟಲೆ ಚರ್ಚಿಸುವುದು ಹೀಗೆ ಒಂದು ಬಿದ್ದರೂ ದಾರಿ ಉಳಿಯುವುದನ್ನೇ. ಅವರ ಮಾತಿನಲ್ಲಿ ಇದು ರೆಸಿಲಿಯನ್ಸ್; ನಾನು ತಾಳಿಕೆ ಎನ್ನುತ್ತೇನೆ. ಮುರಿಯದೆ ನಿಲ್ಲುವುದಷ್ಟೇ ತಾಳಿಕೆಯಲ್ಲ. ಒಂದು ಕಡೆ ಮುರಿದರೂ ಆಂಬುಲೆನ್ಸಿಗೆ ಇನ್ನೊಂದು ದಾರಿ ಇರಬೇಕು, ನಿಂತದ್ದು ಬೇಗ ಓಡಬೇಕು.

ಇಂಥ ಕೂಟ ನಮಗೆ ಹೊಸದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ್ದು 1934ರಲ್ಲಿ. ವಿಪತ್ತು ತಾಳುವ ಮೂಲಸೌಕರ್ಯಕ್ಕಾಗಿ ಭಾರತದ ಮುಂದಾಳತ್ವದಲ್ಲಿ 2019ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಅದರ 2025ರ ಸಮ್ಮೇಳನ ಫ್ರಾನ್ಸಿನ ನೀಸ್ ನಗರದಲ್ಲಿ ನಡೆಯಿತು.

ನಾನು ಕೂತ ಇಂಥ ಸಭೆಗಳಲ್ಲಿ ಹೊಳೆಯುವ ಚಿತ್ರಗಳಿಗೆ ಬರವಿರಲಿಲ್ಲ. ಆದರೆ ಮನೆಗೆ ಬಂದು ಟಿಪ್ಪಣಿ ಪುಸ್ತಕ ತೆರೆದರೆ ಉಳಿದಿರುವುದು ಬಿದ್ದವುಗಳ ಕಥೆಯೇ. ಎಲ್ಲಿ ಬಿತ್ತು, ಹಿಂದಿನ ದಿನ ಎಷ್ಟು ಮಳೆ, ಮೋರಿಯ ಬಾಯಿ ಎಷ್ಟು ಅಗಲ, ಅದರ ಹೂಳು ತೆಗೆದದ್ದು ಯಾವಾಗ. ಇಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳುವವರು ವೇದಿಕೆ ಹತ್ತಿದರೆ ಸಾಕು, ಪ್ರಯಾಣದ ಖರ್ಚು ಸಾರ್ಥಕ.

ನಮ್ಮ ಕರಾವಳಿಯನ್ನೇ ನೋಡಿ. ಇಲ್ಲಿ ಎಷ್ಟೋ ಕಡೆ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೂ ಗಟ್ಟಿ. ನೀರು ಕುಡಿದರೆ ಕಸುವೆಲ್ಲ ಇಳಿದು ಜಾರತೊಡಗುತ್ತದೆ. ಬೇಸಿಗೆಯಲ್ಲಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಅದು ನಿಂತೇ ಇರುತ್ತದೆ, ಆಷಾಢದವರೆಗೆ. ರಸ್ತೆ ಅಗಲವಾಗುವುದು ಬೇಡ ಎಂದಲ್ಲ. ಕಡಿದ ಇಳಿಜಾರಿನ ನೀರಿಗೆ ದಾರಿ ತೋರಿಸದೆ ರಸ್ತೆ ಮುಗಿಯಿತು ಎನ್ನಬಾರದು. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೇ ಇಳಿಯಿತು. ದಾರಿಬದಿಯಲ್ಲಿ ಚಹಾ ಮಾರುತ್ತಿದ್ದ ಕುಟುಂಬವೂ ಉಳಿಯಲಿಲ್ಲ. ಶಿರೂರಿನ ಹೆಸರು ಕೇಳಿದಾಗ ಇವತ್ತಿಗೂ ನನಗೆ ಮಾತು ಕಟ್ಟುತ್ತದೆ.

ಬಿದ್ದದ್ದರಿಂದ ಕಲಿತವರೂ ಇದ್ದಾರೆ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟ ರೈಲು ವೈಭವವಾಡಿಯ ಬಳಿ ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನ್‌ನಲ್ಲೇ ಮಂಗಳೂರಿನ ಮತ್ಸ್ಯಗಂಧ ರೈಲೂ ಬಂಡೆಗೆ ಸಿಕ್ಕಿ ಹಳಿ ತಪ್ಪಿತು. ಈ ರೈಲುಗಳು ಓಡುವ ಕೊಂಕಣ ರೈಲ್ವೆಯಲ್ಲಿ ಇಂದು ಬಂಡೆಗಳಿಗೆ ಉಕ್ಕಿನ ಬಲೆ, ದೊಡ್ಡ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇವೆ. ಹೊನ್ನಾವರದ ಶರಾವತಿ ಸೇತುವೆಯ ಮೇಲೂ ಒಂದಿದೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ರೈಲು ಬೇಕೆಂದೇ ನಿಧಾನ ಓಡುತ್ತದೆ, ತಡವಾಗಿ ಮುಟ್ಟುತ್ತದೆ. ಈ ನಿಧಾನವನ್ನು ನಾನು ತುಂಬ ಗೌರವಿಸುತ್ತೇನೆ.

ಯಂತ್ರಗಳ ಜೊತೆಗೆ ರಾತ್ರಿಯಿಡೀ ಹಳಿಯ ಮೇಲೆ ನಡೆಯುವ ಕಾವಲುಗಾರರಿದ್ದಾರೆ. ಯಾವ ಗುಡ್ಡದಿಂದ ಕೆಸರು ನೀರು ಒಸರುತ್ತಿದೆ ಎಂಬುದು ಮೊದಲು ಕಾಣುವುದು ಅವರಿಗೆ. ಅವರು ಕಂಡದ್ದೂ ಸಭೆಯ ಮೇಜಿಗೆ ಬರಲಿ ಎಂದು ಕಳೆದ ಸಲ ಎದ್ದುನಿಂತು ಕೇಳಿದ್ದೆ. ಮುಂದಿನ ಸಲವೂ ಕೇಳುತ್ತೇನೆ.