ನಾಲ್ಕು ಗಂಟೆಯ ಮೇಲೆ



ಬೇಸಿಗೆಯ ರಜೆ ಮುಗಿದು ಪಾಠಶಾಲೆಗಳು ಬಾಗಿಲು ತೆರೆದಿವೆ. ಪುಸ್ತಕ, ಚೀಲ, ಸಮವಸ್ತ್ರ, ಶುಲ್ಕ ಎಂಬ ನಾಲ್ಕು ಚಿಂತೆಗಳೂ ಗೃಹಸ್ಥರ ತಲೆಯಿಂದ ಒಂದೊಂದಾಗಿ ಇಳಿಯುತ್ತಿವೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬ ವಿಚಾರದಲ್ಲಿ ನಾವು ಆರು ತಿಂಗಳು ಮುಂಚಿನಿಂದಲೇ ಮಂತ್ರಾಲೋಚನೆ ನಡೆಸುತ್ತೇವೆ, ಬಂಧುಗಳನ್ನು ಕೇಳುತ್ತೇವೆ, ಬೇಡವೆಂದರೂ ನೆರೆಯವರು ಸಲಹೆ ಕೊಡುತ್ತಾರೆ. ಆದರೆ ಸಾಯಂಕಾಲ ನಾಲ್ಕು ಗಂಟೆಗೆ ಕೊನೆಯ ಗಂಟೆ ಬಾರಿಸಿದ ಮೇಲೆ ಆ ಮಗು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ಯಾರ ಕಣ್ಣಿನಲ್ಲಿರಬೇಕು ಎಂಬುದನ್ನು ಕುರಿತು ಅಷ್ಟೇ ಶ್ರದ್ಧೆಯಿಂದ ಯೋಚಿಸಿದವರು ವಿರಳ. ಈ ದಿನ ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಆ ನಾಲ್ಕು ಗಂಟೆಯ ಮೇಲಿನ ಹೊತ್ತನ್ನು ಕುರಿತು.

ಮೊದಲು ಸ್ವಲ್ಪ ಲೆಕ್ಕ. 2009ರ ಶಿಕ್ಷಣ ಹಕ್ಕಿನ ಶಾಸನವು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನೂ, ಆರರಿಂದ ಎಂಟರವರೆಗೆ 220 ದಿನ, 1000 ಗಂಟೆಗಳ ಬೋಧನೆಯನ್ನೂ ಕನಿಷ್ಠ ಪ್ರಮಾಣವೆಂದು ವಿಧಿಸಿದೆ. ವರ್ಷಕ್ಕೆ ಇರತಕ್ಕ ಗಂಟೆಗಳು 8760. ದಿನಕ್ಕೆ 9 ಗಂಟೆಯಂತೆ ನಿದ್ರೆಯನ್ನು ಕಳೆದರೆ ಉಳಿಯುವುದು 5475. ಆರನೆಯ ತರಗತಿಯ ಹುಡುಗನ 1000 ಗಂಟೆಗಳ ಪಾಠವು ಇದರಲ್ಲಿ ಐದನೆಯ ಒಂದು ಪಾಲನ್ನೂ ತುಂಬುವುದಿಲ್ಲ. ಪ್ರಾರ್ಥನೆ, ಊಟ, ಬಿಡುವು ಎಲ್ಲವನ್ನೂ ಸೇರಿಸಿ ಉದಾರವಾಗಿ ಎಣಿಸಿದರೂ ಸುಮಾರು ನಾಲ್ಕನೆಯ ಒಂದು ಪಾಲು. ಎಚ್ಚರವಾಗಿರುವ ಮಗುವಿನ ಆಯುಸ್ಸಿನ ಮುಕ್ಕಾಲು ಭಾಗ ಶಾಲೆಯ ಹೊರಗೇ ಕಳೆಯುತ್ತದೆ. ನಾವು ಚರ್ಚಿಸುವುದೆಲ್ಲ ಉಳಿದ ಕಾಲು ಭಾಗವನ್ನು.

ಈ ಮುಕ್ಕಾಲು ಭಾಗವನ್ನು ಈಗ ನುಂಗುತ್ತಿರತಕ್ಕವು ಎರಡು: ಟ್ಯೂಷನ್ ಮತ್ತು ಕೈಯಲ್ಲಿ ಹಿಡಿಯುವ ಮೊಬೈಲು. ಎರಡನೆಯದನ್ನು ಬೈಯುವುದಕ್ಕೆ ಬೇಕಾದಷ್ಟು ಜನರಿದ್ದಾರೆ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಮೊದಲನೆಯದನ್ನು ಮಾತ್ರ ನಾವು ಸದ್ಗುಣವೆಂದು ಭಾವಿಸಿರುವುದರಿಂದ ಎರಡು ಮಾತು ಅವಶ್ಯ. ಪಾಠದಲ್ಲಿ ಹಿಂದೆ ಬಿದ್ದ ಮಗುವಿಗೆ ಒಬ್ಬರು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರೆ ಅದು ಉಪಕಾರವೇ ಸರಿ. ಆದರೆ ಚೆನ್ನಾಗಿ ಓದುವ ಮಗುವನ್ನೂ, ನೆರೆಮನೆಯ ಮಗು ಹೋಗುತ್ತದೆಂಬ ಒಂದೇ ಕಾರಣದಿಂದ, ಬೆಳಗ್ಗೆ ಕೇಳಿದ ಪಾಠವನ್ನೇ ಸಂಜೆ ಇನ್ನೊಂದು ಬೆಂಚಿನ ಮೇಲೆ ಕೇಳಿಸುವುದು ಯಾವ ನ್ಯಾಯ? ಅದೇ 2009ರ ಶಾಸನವು ಶಾಲೆಯ ಉಪಾಧ್ಯಾಯರು ಖಾಸಗಿ ಟ್ಯೂಷನ್ನು ಹೇಳಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿದೆಯೆಂಬುದನ್ನು ಎಷ್ಟು ಮಂದಿ ಬಲ್ಲರು? ಮನೆಗೆಲಸದ ವಿಚಾರವೂ ಹಾಗೆಯೇ. ಕೇಂದ್ರ ಸರ್ಕಾರವು 2020ರಲ್ಲಿ ಪ್ರಕಟಿಸಿದ ಶಾಲಾ ಚೀಲದ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಮನೆಗೆಲಸವೇ ಇರಕೂಡದು. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟರವರೆಗೆ ದಿನಕ್ಕೆ 1 ಗಂಟೆ. ವಾರಕ್ಕೆ ಎರಡು ಗಂಟೆಯೆಂದರೆ, ನನ್ನ ಪರಿಚಯದ ಹಲವು ಮನೆಗಳಲ್ಲಿ ಅದು ಸೋಮವಾರ ರಾತ್ರಿಗೇ ಮುಗಿದುಹೋಗುತ್ತದೆ.

ಹಾಗಾದರೆ ಆ ಹೊತ್ತಿಗೆ ಬೇರೆ ಆಶ್ರಯವುಂಟೆ? ಉಂಟು, ನಾವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಉಂಟು. ನಮ್ಮ ನಾಡಿನಲ್ಲಿ ಈ ಯೋಚನೆ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ, ಚಿತ್ರ, ಪ್ರಕೃತಿ ಇವುಗಳೇ ಪಾಠವಾಗುವಂತೆ ಮಾಡಿ ನೋಡಿದರು. ಹುಡುಗರ ಕುತೂಹಲಕ್ಕೆಂದೇ ‘ಬಾಲ ಪ್ರಪಂಚ’ದ ಮೂರು ದೊಡ್ಡ ಸಂಪುಟಗಳನ್ನು ಬರೆದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ನಡೆಸುತ್ತಿದ್ದ ಆ ಮಹಿಳೆಗೆ, ಹೆಂಗಸರ ಪತ್ರಿಕೆಯೊಂದು ಸಾಲದು, ಮಕ್ಕಳಿಗೆ ಒಂದು ಅಂಗಳವೂ ಬೇಕೆಂದು ತೋರಿತು. ನಮ್ಮ ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ಯನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಕಾಲೇಜಿನಲ್ಲಿ ಹೇಳುತ್ತಿದ್ದುದು ಮನಶ್ಶಾಸ್ತ್ರ. ಪಾಠದ ಕೊಠಡಿಯ ಹೊರಗೂ ಕಲಿಯುವ ಕಿವಿಗಳುಂಟೆಂಬುದನ್ನು ಆ ಶಾಸ್ತ್ರವೇ ಅವರಿಗೆ ಹೇಳಿಕೊಟ್ಟಿರಬೇಕು.

ಈಗ ಇರುವುದನ್ನು ನೋಡೋಣ. ಮೊದಲನೆಯದು ಸಾರ್ವಜನಿಕ ಗ್ರಂಥಾಲಯ. ನಮ್ಮ ರಾಜ್ಯದ ಗ್ರಂಥಾಲಯ ಶಾಸನವು 1965ರದು. ಅದರ ಮೇರೆಗೆ ಮನೆಗಂದಾಯದ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ತಮ್ಮ ಕಂದಾಯದ ರಸೀತಿಯನ್ನು ತೆಗೆದು ನೋಡಿದರೆ ಆ ಬಾಬು ಕಣ್ಣಿಗೆ ಬೀಳುತ್ತದೆ. ಎಂದ ಮೇಲೆ, ನಾವು ಪ್ರತಿವರ್ಷವೂ ಹಣ ತೆತ್ತಿರುವ ಪುಸ್ತಕಗಳನ್ನು ನಮ್ಮ ಮಕ್ಕಳು ಓದದೆ ಬಿಟ್ಟಂತಾಯಿತು. ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನನ್ನು ಅಲ್ಲಿಯೇ ಬಿಟ್ಟು ಬರುವವನನ್ನು ನಾವು ಏನೆಂದು ಕರೆಯುತ್ತೇವೆಂಬುದನ್ನು ನಾನು ಹೇಳಬೇಕಾಗಿಲ್ಲ. ಹಳ್ಳಿಗಳು ಈ ವಿಷಯದಲ್ಲಿ ಪಟ್ಟಣಗಳಿಗಿಂತ ಮುಂದೆ ಹೋಗಿವೆ. 2020ರ ನವೆಂಬರಿನಲ್ಲಿ, ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಗ್ರಾಮಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವಯಸ್ಸಿನ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲಾರಂಭಿಸಿದರು. ಶಾಲೆಯಿಲ್ಲದ ಕಾಲದಲ್ಲಿ ಪುಸ್ತಕದ ಕೋಣೆಯೇ ಅನೇಕ ಮಕ್ಕಳಿಗೆ ಶಾಲೆಯಾಯಿತು. ಪಟ್ಟಣದ ಶಾಖಾ ಗ್ರಂಥಾಲಯಗಳಲ್ಲಿಯೂ ಮಕ್ಕಳ ಕಪಾಟುಗಳಿವೆ. ಅವುಗಳಲ್ಲಿ ಕೆಲವು ಧೂಳಿನಿಂದ ತುಂಬಿವೆಯೆಂಬುದು ನಿಜ; ಕೇಳುವ ಮಕ್ಕಳಿಲ್ಲದ ಕಪಾಟಿಗೆ ಧೂಳು ಬರುವುದೂ ನಿಜ. ಸೋಮವಾರ ಸಾಮಾನ್ಯವಾಗಿ ರಜೆಯೆಂಬುದನ್ನು ಮಾತ್ರ ಜ್ಞಾಪಕದಲ್ಲಿಟ್ಟುಕೊಳ್ಳತಕ್ಕದ್ದು. ಮೊದಲ ದಿನವೇ ಬೀಗ ಕಂಡ ಮಗು ಎರಡನೆಯ ಸಾರಿ ಬರಲು ಒಪ್ಪುವುದಿಲ್ಲ.

ಬೆಂಗಳೂರಿನವರ ಭಾಗ್ಯ ದೊಡ್ಡದು. ಕಬ್ಬನ್ ಪಾರ್ಕಿನ ಒಂದು ಸುತ್ತಿನೊಳಗೇ ಬಾಲಭವನವೂ, ಮಕ್ಕಳ ಗ್ರಂಥಾಲಯವೂ, 1962ರಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ಇವೆ. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಆಕಾಶವನ್ನು ತೋರಿಸುವುದರ ಜೊತೆಗೆ ಶಾಲಾ ವಿದ್ಯಾರ್ಥಿಗಳಿಗೆ ರಜೆಯ ದಿನಗಳಲ್ಲಿ ವಿಜ್ಞಾನದ ಪ್ರಯೋಗಗಳನ್ನೂ ಮಾಡಿಸುತ್ತಾರೆ. ಆದರೆ ಅಲ್ಲಿಯ ದೂರವೂ ದೊಡ್ಡದು. ಸಂಜೆ ಐದು ಗಂಟೆಯಲ್ಲಿ ನಗರದ ಅಂಚಿನಿಂದ ಕಬ್ಬನ್ ಪಾರ್ಕಿಗೆ ಬರುವ ಮಗು ತಲಪುವ ಹೊತ್ತಿಗೆ ಬಾಗಿಲು ಹಾಕುವ ಸಮಯವಾಗಿರುತ್ತದೆ. ಆದ್ದರಿಂದ ಅವು ವಾರದ ಕೊನೆಯ ಔತಣವೇ ಹೊರತು ನಿತ್ಯದ ಅನ್ನವಲ್ಲ.

ಮೈಸೂರಿನಲ್ಲಿ ದೂರದ ಕಷ್ಟ ಕಡಿಮೆ. 1892ರಲ್ಲಿ ಸ್ಥಾಪಿತವಾದ ನಮ್ಮ ಮೃಗಾಲಯವು ಹುಲಿ ತೋರಿಸುವ ಸ್ಥಳವೆಂದು ಮಾತ್ರ ತಿಳಿಯಬಾರದು; ಅಲ್ಲಿಯ ಯೂತ್ ಕ್ಲಬ್ಬಿನಲ್ಲಿ ವಿದ್ಯಾರ್ಥಿಗಳಿಗೆ ಭಾನುವಾರಗಳಂದು ಪ್ರಾಣಿಗಳ ಜೀವನ, ಆಹಾರ, ಪಾಲನೆಗಳನ್ನು ಕುರಿತು ತಿಳಿಸಿಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವುಂಟು. ರಂಗಾಯಣದ ‘ಚಿಣ್ಣರ ಮೇಳ’ ಬೇಸಿಗೆಯಲ್ಲಿ ನಡೆಯುವುದರಿಂದ ಈ ವರ್ಷದ್ದು ಕಳೆದುಹೋಯಿತು. ಮುಂದಿನ ವರ್ಷಕ್ಕೆ ಈಗಲೇ ದಿನಚರಿಯಲ್ಲಿ ಬರೆದಿಟ್ಟುಕೊಂಡವರು ಬುದ್ಧಿವಂತರು. ಬಹಳ ಶಾಲೆಗಳಲ್ಲಿ ಸ್ಕೌಟು, ಗೈಡುಗಳ ದಳಗಳಿವೆ. ಸೇರುವವರ ಹೆಸರನ್ನು ವರ್ಷದ ಆರಂಭದಲ್ಲಿಯೇ ಬರೆದುಕೊಳ್ಳುತ್ತಾರೆ. ಸಂಗೀತಕ್ಕೆ ಮೈಸೂರಿನಲ್ಲಿ ಗುರುಗಳ ಬರವೆಂದೂ ಇಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಏಣಿಯೂ ಇದೆ. ಏಣಿ ಇರುವುದರಿಂದಲೇ ಹತ್ತಬೇಕೆಂಬ ಹಠ ಬೇಡ. ಹಾಡಿನ ಸುಖವನ್ನು ಅರಿಯದೆ ಪ್ರಮಾಣಪತ್ರವನ್ನು ಪಡೆದ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎಲ್ಲಕ್ಕಿಂತ ಅಗ್ಗವಾದದ್ದೂ ಎಲ್ಲಕ್ಕಿಂತ ದುರ್ಲಭವಾಗಿರುವುದೂ ಬಯಲು. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಓಡಿಯಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ನಮ್ಮ ಊರಿನಲ್ಲಿ ಜೂನ್ ತಿಂಗಳಲ್ಲಿ ಆರೂಮುಕ್ಕಾಲರವರೆಗೆ ಬೆಳಕಿರುತ್ತದೆ. ನವೆಂಬರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಮನೆಗೆ ಬಂದು, ತಿಂಡಿ ತಿಂದು, ಐದೂವರೆಗೆ ಟ್ಯೂಷನ್ನಿಗೆ ಹೊರಡುವ ಹುಡುಗನಿಗೆ ಬಿಸಿಲನ್ನು ಕಾಣುವ ಯೋಗವೇ ಇಲ್ಲ. ಆ ಹೊತ್ತಿನಲ್ಲಿ ಶಾಲೆಯ ಬಯಲಿಗೆ ಬೀಗ ಬಿದ್ದಿರುತ್ತದೆ. ಬೀದಿಯಲ್ಲಿ ಮೋಟಾರು ಗಾಡಿಗಳು. ಉದ್ಯಾನದಲ್ಲಿ ‘ಚೆಂಡಾಟ ನಿಷಿದ್ಧ’ ಎಂಬ ಹಲಗೆ. ಹಾಗಾದರೆ ಮಗು ಓಡಬೇಕಾದದ್ದು ಎಲ್ಲಿ? ಶಾಲೆಯ ಬಯಲನ್ನು ಸಂಜೆ ಒಂದೂವರೆ ಗಂಟೆಯ ಕಾಲ, ಒಬ್ಬ ಜವಾಬ್ದಾರ ಮನುಷ್ಯನ ಮೇಲ್ವಿಚಾರಣೆಯಲ್ಲಿ, ಆ ಮೊಹಲ್ಲೆಯ ಮಕ್ಕಳಿಗೆ ತೆರೆದಿಡುವುದಕ್ಕೆ ಕಟ್ಟಡ ಬೇಡ, ಸಲಕರಣೆ ಬೇಡ. ಬೇಕಾದದ್ದು ಒಂದು ಬೀಗದ ಕೈ. ಪೋಷಕರ ಸಭೆಗಳಲ್ಲಿ ನಾವು ಅಂಕಗಳನ್ನು ಕುರಿತು ಎತ್ತುವ ದನಿಯಲ್ಲಿ ಅರ್ಧವನ್ನು ಈ ಬೀಗದ ಕೈಗಾಗಿ ಎತ್ತಿದರೆ ಅದು ದೊರೆಯಲಾರದೆಂದು ನನಗೆ ತೋರುವುದಿಲ್ಲ.

ಇಷ್ಟು ಹೊತ್ತು ನಾನು ‘ಹುಡುಗ’ನೆಂದೇ ಹೆಚ್ಚಾಗಿ ಹೇಳುತ್ತಾ ಬಂದೆ. ಹುಡುಗಿಯ ನಾಲ್ಕು ಗಂಟೆ ಬೇರೆ. ನಮ್ಮ ಬೀದಿಯಲ್ಲಿ ಮೂರು ಮನೆಗಳ ಕೆಲಸ ಮಾಡುವ ಒಬ್ಬ ತಾಯಿಯಿದ್ದಾಳೆ. ಆಕೆಯ ಮಗಳು ಏಳನೆಯ ತರಗತಿಯಲ್ಲಿ ಓದುತ್ತಾಳೆ, ಚೂಟಿಯಾದ ಹುಡುಗಿ. ಶಾಲೆ ಬಿಟ್ಟೊಡನೆ ಓಡಿಬಂದು ತಮ್ಮನನ್ನು ಅಂಗನವಾಡಿಯಿಂದ ಕರೆತಂದಿದ್ದ ಪಕ್ಕದ ಮನೆಯ ಅಜ್ಜಿಯ ಕೈಯಿಂದ ಅವನನ್ನು ಎತ್ತಿಕೊಳ್ಳಬೇಕು. ಅವಳ ಶಾಲೆಯಲ್ಲಿ ಸಂಜೆ ನಾಟಕದ ಅಭ್ಯಾಸ ನಡೆಯುತ್ತಿತ್ತು; ಅವಳಿಗೆ ಒಂದು ಪಾತ್ರವನ್ನೂ ಕೊಟ್ಟಿದ್ದರು. ನಾಲ್ಕು ದಿನ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡೇ ಹೋದಳು. ಐದನೆಯ ದಿನ ಆ ಮಗು ಅತ್ತಿತು. ಪಾತ್ರ ಬೇರೆಯವಳಿಗೆ ಹೋಯಿತು. ಯಾರೂ ಅವಳಿಗೆ ಅನ್ಯಾಯ ಮಾಡಬೇಕೆಂದು ಮಾಡಲಿಲ್ಲ. ಶಾಲೆಯ ಪಟ್ಟಿಯಲ್ಲಿ ಆ ಚಟುವಟಿಕೆ ‘ಎಲ್ಲರಿಗೂ ಮುಕ್ತ’ವೆಂದೇ ಬರೆದಿತ್ತು.

ಆದಕಾರಣ ಸಂಜೆಯ ಯಾವ ಏರ್ಪಾಡನ್ನು ಕುರಿತಾದರೂ ನಾವು ಕೇಳಬೇಕಾದ ಪ್ರಶ್ನೆ ಅಲ್ಲಿ ಏನು ಕಲಿಸುತ್ತಾರೆಂಬುದೊಂದೇ ಅಲ್ಲ. ಎಷ್ಟು ಹೊತ್ತಿಗೆ ಬಿಡುತ್ತಾರೆ, ಕತ್ತಲಾದ ಮೇಲೆ ಹೆಣ್ಣುಮಗು ಒಂಟಿಯಾಗಿ ಬರಬೇಕಾಗುತ್ತದೆಯೆ, ಚಿಕ್ಕ ತಮ್ಮನೋ ತಂಗಿಯೋ ಜೊತೆಗೆ ಬಂದರೆ ಮೂಲೆಯಲ್ಲಿ ಕುಳ್ಳಿರಿಸುವುದಕ್ಕೆ ಒಪ್ಪುತ್ತಾರೆಯೆ, ಒಂದು ಲೋಟ ಹಾಲೋ ಒಂದು ಬಾಳೆಯ ಹಣ್ಣೋ ದೊರೆಯುತ್ತದೆಯೆ? ಮಧ್ಯಾಹ್ನದ ಊಟದ ಮೇಲೆ ನಾಲ್ಕು ಗಂಟೆಗಳ ಕಾಲ ಏನನ್ನೂ ತಿನ್ನದ ಮಗುವಿಗೆ ಚಿತ್ರಕಲೆಯೂ ಬೇಡ, ಚದುರಂಗವೂ ಬೇಡ. ಹಣ ತೆಗೆದುಕೊಂಡು ನಡೆಸುವ ತರಗತಿಗಳಲ್ಲಿಯಾದರೆ ಇನ್ನೂ ಎರಡು ಪ್ರಶ್ನೆಗಳುಂಟು: ಒಂದು ವಾರ ಕುಳಿತು ನೋಡಿದ ಮೇಲೆ ಸೇರಬಹುದೆ, ತಂದೆತಾಯಿಗಳು ಹೇಳದೆ ಬಂದು ಬಾಗಿಲಲ್ಲಿ ನಿಂತು ನೋಡುವುದಕ್ಕೆ ಅಡ್ಡಿಯುಂಟೆ? ಎರಡನೆಯದಕ್ಕೆ ಅಡ್ಡಿಯೆನ್ನುವ ಸ್ಥಳಕ್ಕೆ ಮಗುವನ್ನು ಕಳುಹಿಸಲೇಬಾರದು. ಇದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ವಾರದ ಐದು ಸಂಜೆಗಳನ್ನೂ ತುಂಬಿಸಿಬಿಡಬೇಕೆಂಬುದು ಮಾತ್ರ ನನ್ನ ಅಭಿಪ್ರಾಯವಲ್ಲ. ಸೋಮವಾರ ವೀಣೆ, ಮಂಗಳವಾರ ಈಜು, ಬುಧವಾರ ಅಬ್ಯಾಕಸ್ಸು ಎಂದು ವೇಳಾಪಟ್ಟಿ ಹಾಕಿದರೆ ಅದು ಇನ್ನೊಂದು ಶಾಲೆಯೇ ಆಯಿತು. ಒಂದು ಸಂಜೆ ಗ್ರಂಥಾಲಯ, ಒಂದು ಸಂಜೆ ಮಗು ತಾನಾಗಿ ಬಯಸಿದ ಒಂದು ಕಲೆ. ಉಳಿದ ಮೂರು ಸಂಜೆ ಬಯಲು, ಇಲ್ಲವೆ ಏನೂ ಇಲ್ಲ. ಆ ‘ಏನೂ ಇಲ್ಲ’ದಲ್ಲಿ ಮಕ್ಕಳು ಇರುವೆಯ ಸಾಲನ್ನು ಹಿಂಬಾಲಿಸುತ್ತಾರೆ, ಹಳೆಯ ಗಡಿಯಾರವನ್ನು ಬಿಚ್ಚುತ್ತಾರೆ, ಕೆಲವು ವೇಳೆ ಜೋಡಿಸುತ್ತಾರೆ.

ಇನ್ನು ವಿದ್ಯಾವಂತರಾದ ತಮ್ಮಲ್ಲಿ ಒಂದು ಬಿನ್ನಹ. ಪಿಂಚಣಿ ಪಡೆದು ಮನೆಯಲ್ಲಿರುವ ಉಪಾಧ್ಯಾಯರೂ, ಎಂಜಿನಿಯರರೂ, ಬ್ಯಾಂಕಿನ ಅಧಿಕಾರಿಗಳೂ ನಮ್ಮ ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ಅವರ ಸಂಜೆಯೂ ಮಕ್ಕಳ ಸಂಜೆಯೂ ಒಂದೇ ಹೊತ್ತಿಗೆ ಬಿಡುವಾಗಿರುತ್ತದೆ. ವಾರಕ್ಕೆ ಒಂದು ದಿನ, ಒಂದು ಗಂಟೆ, ಶಾಖಾ ಗ್ರಂಥಾಲಯದ ಮಕ್ಕಳ ಮೂಲೆಯಲ್ಲಿ ಕುಳಿತು ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಯಾವ ತರಬೇತಿಯೂ ಬೇಕಾಗಿಲ್ಲ. ಗ್ರಂಥಪಾಲಕರ ಒಪ್ಪಿಗೆಯೊಂದು ಬೇಕು. ಶಾಲೆಗಳಲ್ಲಿ ದಳ, ಸಂಘ, ತಂಡಗಳಿಗೆ ಹೆಸರು ಬರೆದುಕೊಳ್ಳುವುದು ಈ ತಿಂಗಳಲ್ಲಿಯೇ. ಶನಿವಾರ ಅರ್ಧ ದಿನದ ಶಾಲೆ. ಗ್ರಂಥಾಲಯದ ಅರ್ಜಿಗೆ ಮಗುವಿನ ಒಂದು ಭಾವಚಿತ್ರವನ್ನೂ ಮನೆಯ ವಿಳಾಸದ ಒಂದು ದಾಖಲೆಯನ್ನೂ ಜೇಬಿನಲ್ಲಿಟ್ಟುಕೊಂಡು ಹೊರಡಬಹುದು. ಪಕ್ಕದ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿರುವ ಹುಡುಗಿಯೊಬ್ಬಳಿದ್ದರೆ, ಅವಳಿಗೂ ಒಂದು ಅರ್ಜಿಯನ್ನು ಕೇಳಿ ತೆಗೆದುಕೊಳ್ಳಬಹುದು.