ತಿದ್ದುವ ಕೈಗೆ ವಂದನೆ



ನೂರು ವರ್ಷಗಳ ವರಗಳಿಗಾಗಿ ಇಂದು ನಾವು ದೇವರಿಗೆ ಸ್ತೋತ್ರ ಸಲ್ಲಿಸುತ್ತಿದ್ದೇವೆ. ಆ ವರಗಳಲ್ಲಿ ಒಂದನ್ನು ಮಾತ್ರ ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಅದು ತಂದೆಯಾದ ದೇವರು ನಮ್ಮನ್ನು ತಿದ್ದಿದ್ದು. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯವು ಇದನ್ನು ಮಕ್ಕಳೆನಿಸಿಕೊಂಡವರ ಗುರುತೆಂದೇ ತಿಳಿಸುತ್ತದೆ. ದೇವದುರ್ಗ, ಮಾನ್ವಿ ಕಡೆಯಿಂದ ಬಂದಿರುವ ರೈತಬಂಧುಗಳಿಗೆ ಬಹಳ ವಿವರಿಸಬೇಕಾಗಿಲ್ಲ. ತೊಗರಿ ಬಿತ್ತಿದ 50 ದಿನಗಳ ಸುಮಾರಿಗೆ ಕುಡಿ ಚಿವುಟುತ್ತೀರಿ. ನೋಡುವವರಿಗೆ ಅದು ಬೆಳೆಗೆ ಮಾಡಿದ ಗಾಯ. ಗಿಡವಾದರೋ ಪಕ್ಕಕ್ಕೆ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. 2009ರ ನೆರೆಯಲ್ಲಿ ನಮ್ಮ ಜಿಲ್ಲೆಯ ನದೀತೀರದ ಊರುಗಳಲ್ಲಿ ಮನೆಗಳು ಕುಸಿದವು. ಹಾಗೆ ಸೂರು ಕಳೆದುಕೊಂಡ ತಾಯಿಗೆ ‘ದೇವರು ನಿನ್ನನ್ನು ಶಿಕ್ಷಿಸಿದರು’ ಎನ್ನುವ ಅಧಿಕಾರ ಯಾರಿಗೂ ಇಲ್ಲ, ಗುರುಗಳಿಗಂತೂ ಇಲ್ಲವೇ ಇಲ್ಲ. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಪ್ರಭು ಯೇಸುವೇ ಸ್ಪಷ್ಟಪಡಿಸಿದ್ದಾರೆ. ಪರರ ದುಃಖಕ್ಕೆ ಅರ್ಥ ಹೇಳಹೋಗದೆ, ನಮ್ಮ ಮನಸ್ಸಿಗೇ ಚುಚ್ಚಿದ ಮಾತುಗಳಲ್ಲಿ ಆ ಕೈಯನ್ನು ಗುರುತಿಸೋಣ.

ದೇವರು ಬಹುಮಟ್ಟಿಗೆ ಮನುಷ್ಯರ ಬಾಯಿಂದಲೇ ನಮ್ಮನ್ನು ತಿದ್ದುತ್ತಾರೆ. ಊರೀಯನನ್ನು ಕೊಲ್ಲಿಸಿ ಅವನ ಪತ್ನಿಯನ್ನು ತಂದುಕೊಂಡ ದಾವೀದ ಅರಸನ ಬಳಿಗೆ ಪ್ರವಾದಿ ನಾತಾನನು ಬಂದನು. ಬಡವನ ಒಂದೇ ಕುರಿಮರಿಯ ಕಥೆ ಹೇಳಿ, ಅಪರಾಧಿ ನೀನೇ ಎಂದು ಎದುರಿಗೇ ನುಡಿದನು. ಅವನನ್ನು ಸೆರೆಗೆ ತಳ್ಳುವುದು ಅರಸನಿಗೆ ಎಷ್ಟರ ಕೆಲಸ! ದಾವೀದನು ತಲೆಬಾಗಿದನು. ಮುಂದೆ ಬತ್ಷೆಬೆಯಲ್ಲಿ ಆತನಿಗೆ ಹುಟ್ಟಿದ ಮಕ್ಕಳಲ್ಲಿ ಒಬ್ಬನ ಹೆಸರು ನಾತಾನ. ಪ್ರವಾದಿಯ ನೆನಪಿಗಾಗಿಯೇ ಹಾಗೆ ಹೆಸರಿಟ್ಟರೆಂದು ಪವಿತ್ರ ಗ್ರಂಥ ಹೇಳುವುದಿಲ್ಲ. ತನ್ನನ್ನು ತಿದ್ದಿದವನ ಹೆಸರು ದಿನವೂ ಅರಮನೆಯಲ್ಲಿ ಕೇಳಿಬರುವುದಕ್ಕೆ ಅರಸನು ಬೇಸರಿಸಲಿಲ್ಲವೆಂದು ನಾವು ಭಾವಿಸಬಹುದು. ಸಂತ ಲೂಕನು ಕೊಡುವ ವಂಶಾವಳಿಯಲ್ಲಿ ಪ್ರಭು ಯೇಸು ಬರುವುದು ಈ ಮಗನ ಸಂತತಿಯಲ್ಲಿಯೇ.

ಧರ್ಮಸಭೆಗೂ ನಾತಾನರು ಬರುತ್ತಾರೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದವು ಧರ್ಮಸಭೆಯೊಳಗೂ ಇದೆಯೆಂದೂ ಅದು ಪಾಪವೆಂದೂ ಒಪ್ಪಿಕೊಂಡಿತು. ದಲಿತ ಕ್ರೈಸ್ತರು ದಶಕಗಳಿಂದ ಹೇಳುತ್ತ ಬಂದ ಮಾತೇ ಅದು. ಕೇಳುವವರಿಗೆ ಕಹಿಯಾಗಿತ್ತು, ಅಷ್ಟೆ. ಆ ಕಹಿಯನ್ನು ನುಡಿದವರಿಗೆ ಈ ಪೀಠದ ಮುಂದೆ ವಂದನೆ ಸಲ್ಲಬೇಕು.

ಹಬ್ಬ ಕಳೆದ ಮೊದಲ ಭಾನುವಾರ, ಬಲಿಪೂಜೆಯ ನಂತರ, ನಮ್ಮ ಧರ್ಮಕೇಂದ್ರದ ಎಲ್ಲ ಕೇರಿಗಳವರೂ ಒಟ್ಟಿಗೆ ಕೂಡಲಿದ್ದೇವೆ. ಆ ದಿನ ಹಾರ, ಶಾಲುಗಳು ಇರುವುದಿಲ್ಲ. ಇದುವರೆಗೆ ಸಭೆಗಳಲ್ಲಿ ಬಾಯಿ ತೆರೆಯದವರಿಗೆ ಮೊದಲು ಮಾತು. ಪಾಲನಾ ಸಮಿತಿಯವರು ಮತ್ತು ಗುರುಗಳು ಕೊನೆಗೆ.